ಎಕರೆ ಲೆಕ್ಕದಾಗ ಕೊಟ್ಟ ಹೊಲ, ಫೂಟ್ ಲೆಕ್ಕದಾಗ ಬಂದ ಪ್ಲಾಟು

ಹೊಂಬಳದ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆವು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಗದಗಿನ ಕಡೆ ಕೈ ಮಾಡಿ ಅಂದರು: "ತಮ್ಮಾ, ನಮ್ಮ ಮಂದಿ ಹೊಲ ಎಕರೆ ಲೆಕ್ಕದಾಗ ಕೊಡ್ತಾರ. ಆಮ್ಯಾಲ ಮಗಗ ಮನಿ ಕಟ್ಟಾಕ ಅದ ಹೊಲದಾಗ ಪ್ಲಾಟ್ ತಗೋಳಾಕ ಹೋದ್ರ, ಫೂಟ್ ಲೆಕ್ಕದಾಗ ರೇಟ್ ಹೇಳ್ತಾರ. ನಡುವ ಏನಾತು ಅನ್ನೂದ ತಿಳಿಯೂದಿಲ್ಲ ನೋಡ್ರಿ."

ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಒಂದು ಎಕರೆ ಅಂದರೆ 40 ಗುಂಟೆ, ಒಂದು ಗುಂಟೆಗೆ 1089 ಚದರ ಅಡಿ. ರಸ್ತೆ, ಉದ್ಯಾನ, ಸಾರ್ವಜನಿಕ ಜಾಗ ಅಂತ ಬಿಟ್ಟ ಮೇಲೆ ಮಾರಾಟಕ್ಕೆ ಉಳಿಯುವುದು ಸುಮಾರು ಅರ್ಧ. ಅಷ್ಟಾದರೂ ಕೊಟ್ಟ ಬೆಲೆಗೂ ಕೊಂಡ ಬೆಲೆಗೂ ತಾಳೆ ಬೀಳುವುದಿಲ್ಲ. ಹಿರಿಯರು ಕೇಳಿದ "ನಡುವ ಏನಾತು" ಅನ್ನುವುದಕ್ಕೆ ಉತ್ತರ ಹುಡುಕುತ್ತ ಹೋದಾಗ, ನಾವು ಸುಮಾರು 180 ವರ್ಷ ಹಿಂದೆ ಹೋಗಬೇಕಾಯಿತು.

ನಿಮ್ಮ ಉತಾರದಲ್ಲಿ ಸರ್ವೆ ನಂಬರ್ ಇದೆಯಲ್ಲ, ಅದರ ಬೇರು 1840ರ ದಶಕದಲ್ಲಿದೆ. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಜಾರ್ಜ್ ವಿಂಗೇಟ್ ಎಂಬ ಬ್ರಿಟಿಷ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಹೊಲಗಳ ಅಳತೆ ಶುರುವಾಯಿತು. ಸರಪಳಿ ಹಿಡಿದು ಅಳೆದರು, ಬಾಂದು ಕಲ್ಲು ನೆಟ್ಟರು, ಮಣ್ಣು ಅಗೆದು ಎಷ್ಟು ಆಳ, ಯಾವ ಬಣ್ಣ ಅಂತ ನೋಡಿ ಆಣೆ ಲೆಕ್ಕದಲ್ಲಿ ದರ್ಜೆ ಕೊಟ್ಟರು. ಒಳ್ಳೆಯ ಎರಿ ಹೊಲ ಹದಿನಾರಾಣೆ. ಅಲ್ಲಿಂದ ಕೆಳಗೆ ಇಳಿಯುತ್ತ ಹೋಗುತ್ತಿತ್ತು.

ಆದರೆ ಕಂದಾಯ ನಿಗದಿಯಾದದ್ದು ಮಣ್ಣು ಒಂದನ್ನೇ ನೋಡಿ ಅಲ್ಲ. ಹಳ್ಳಿಗಳನ್ನು ಗುಂಪು ಮಾಡುವಾಗ ಮಳೆ ಹೇಗೆ ಅಂತ ನೋಡಿದರು, ಪೇಟೆ ಎಷ್ಟು ದೂರ ಅಂತಲೂ ನೋಡಿದರು. ಪೇಟೆಗೆ ಹತ್ತಿರದ ಹಳ್ಳಿಗೆ ಹೆಚ್ಚು ದರ. ದರ ಒಮ್ಮೆ ಗೊತ್ತಾದರೆ 30 ವರ್ಷ ಅದೇ. ಅಂದರೆ ಪಟ್ಟಣದ ಸಮೀಪ ಇರುವುದಕ್ಕೆ ಬೆಲೆ ಕಟ್ಟುವುದನ್ನು ಮೊದಲು ಕಲಿತದ್ದು ಸರಕಾರ. ನಮ್ಮ ಮುತ್ತಜ್ಜಂದಿರಿಗೆ ಆ ಬೆಲೆ ಕಂದಾಯವಾಗಿ ಕಾಣಿಸಿತು, ಲಾಭವಾಗಿ ಅಲ್ಲ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು, ನಮ್ಮ ಕಡೆಯ ಹತ್ತಿಗೆ ಬೆಲೆ ಬಂತು. ಯುದ್ಧ ಮುಗಿದ ಮೇಲೆ ಬೆಲೆ ಇಳಿಯಿತು, ಆದರೆ ಹತ್ತಿ ಉಳಿಯಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹೋಟಗಿ-ಗದಗ ಮಾರ್ಗ ಹಾಕಿತು. ಗದಗ ಜಂಕ್ಷನ್ ಆಯಿತು, ವ್ಯಾಪಾರದ ಊರಾಗಿ ಬೆಳೆಯಿತು. ಪಕ್ಕದ ಬೆಟಗೇರಿ ನೇಕಾರರ ಊರು. ಎರಡೂ ಸೇರಿ ಈಗ ಗದಗ-ಬೆಟಗೇರಿ. 2011ರ ಜನಗಣತಿಯಲ್ಲಿ ಇಲ್ಲಿ ಸುಮಾರು 1.72 ಲಕ್ಷ ಜನ.

ರೈಲು ಹತ್ತಿಯನ್ನು ಒಯ್ದಿತು, ರೋಗವನ್ನೂ ಒಯ್ದಿತು. 1898ರಲ್ಲಿ ಹುಬ್ಬಳ್ಳಿ-ಧಾರವಾಡ ಭಾಗದಲ್ಲಿ ಪ್ಲೇಗು ಜೋರಾಗಿತ್ತು. ಅದೇ ವರ್ಷ ಅದು ರೈಲು ಹತ್ತಿ ಬೆಂಗಳೂರಿಗೂ ಹೋಯಿತು. ಮಂದಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆಯನ್ನು ನಮ್ಮಲ್ಲಿ ಹಲವರು ಅಜ್ಜಿಯಂದಿರಿಂದ ಕೇಳಿದ್ದೇವೆ. ನಮ್ಮ ನಾಡಿನಲ್ಲಿ ಹೊಸ ಕಾಲದ ನಗರ ಯೋಜನೆ ಬೆಳೆದದ್ದು ಈ ಭಯದಲ್ಲಿ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಪ್ಲೇಗಿನ ಹಿನ್ನೆಲೆಯಲ್ಲಿ ಆದವು. ಮುಂಬಯಿಯಲ್ಲಿ 1898ರಲ್ಲಿ, ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣೆಗೆಂದೇ ಟ್ರಸ್ಟ್ ಬೋರ್ಡುಗಳು ಹುಟ್ಟಿದವು. ಇಕ್ಕಟ್ಟಿನ ಓಣಿ ಒಡೆಯುವುದು, ಊರ ಹೊರಗೆ ನೆಟ್ಟಗಿನ ರಸ್ತೆ ಹಾಕಿ ಸೈಟು ಕೊಡುವುದು, ಇದು ಅವರ ಪದ್ಧತಿ. ಊರ ಹೊರಗೆ ಅಂದರೆ ಯಾರದೋ ಹೊಲವೇ.

ಒಡೆಯುವ ಈ ಪದ್ಧತಿಯನ್ನು ಒಪ್ಪದವರೂ ಇದ್ದರು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ 1914ರಲ್ಲಿ ಭಾರತಕ್ಕೆ ಬಂದರು. ಊರಿಂದ ಊರಿಗೆ ಓಡಾಡಿ ಓಣಿ ಓಣಿ ನಡೆದು ವರದಿ ಬರೆದರು. ಮೊದಲು ಊರನ್ನು ತಿಳಿ, ಆಮೇಲೆ ಕೈ ಹಾಕು, ಅದೂ ಎಷ್ಟು ಬೇಕೋ ಅಷ್ಟೇ ಎಂಬುದು ಅವರ ವಾದ. ಡಾಕ್ಟರು ನಾಡಿ ನೋಡದೆ ಆಪರೇಷನ್ ಮಾಡಬಾರದಲ್ಲ, ಹಾಗೆ. ಇಂದೋರಿನಲ್ಲಿ ಒಮ್ಮೆ ದೀಪಾವಳಿಗೆ ದೊಡ್ಡ ಮೆರವಣಿಗೆ ಇಟ್ಟು, ಮನೆ-ಓಣಿ ಚೆನ್ನಾಗಿ ಸ್ವಚ್ಛ ಮಾಡಿದ ಬೀದಿಗಳಲ್ಲಿ ಮೆರವಣಿಗೆ ಬರುತ್ತದೆ ಅಂತ ಸಾರಿಸಿದರಂತೆ. ಜನ ತಾವೇ ಪೊರಕೆ ಹಿಡಿದರು. ದಂಡ ಹಾಕುವುದಕ್ಕಿಂತ ಈ ಉಪಾಯ ನಮಗೂ ಹಿಡಿಸಿತು.

1915ರಲ್ಲಿ ಮುಂಬಯಿ ಪ್ರಾಂತದಲ್ಲಿ ನಗರ ಯೋಜನಾ ಕಾಯ್ದೆ ಬಂತು. ದೇಶದಲ್ಲೇ ಇಂಥದ್ದು ಮೊದಲು. ಇದರಲ್ಲಿ ಒಂದು ಗಮನಿಸುವ ಮಾತಿದೆ. ಹೊಲ ಕಸಿದುಕೊಳ್ಳುವ ಬದಲು ಅಕ್ಕಪಕ್ಕದ ಎಲ್ಲರ ಜಮೀನು ಒಟ್ಟು ಮಾಡಿ, ರಸ್ತೆಗೆ ಬೇಕಾದ ಪಾಲು ತೆಗೆದು, ಉಳಿದದ್ದನ್ನು ನೆಟ್ಟಗೆ ಕತ್ತರಿಸಿ ಅದೇ ಮಾಲೀಕರಿಗೆ ಹಿಂದಿರುಗಿಸುವುದು. ಜಾಗ ಕಡಿಮೆಯಾಗುತ್ತದೆ, ಬೆಲೆ ಏರುತ್ತದೆ, ಏರಿದ ಬೆಲೆ ಹೊಲದವನ ಕೈಯಲ್ಲೇ ಇರುತ್ತದೆ. ಗುಜರಾತಿನಲ್ಲಿ ಈ ಪದ್ಧತಿ ಇವತ್ತಿಗೂ ಗಟ್ಟಿಯಾಗಿದೆ. ಧಾರವಾಡ ಜಿಲ್ಲೆಯೂ ಆಗ ಅದೇ ಪ್ರಾಂತದಲ್ಲಿತ್ತು. ಆದರೂ ನಮ್ಮ ಕಡೆ ಹೆಚ್ಚು ನಡೆದದ್ದು ಭೂಸ್ವಾಧೀನ, ಇಲ್ಲವೆ ಖಾಸಗಿ ಲೇಔಟು. ಇದು ನಷ್ಟವೇ ಅಂತ ನಮಗೆ ಅನ್ನಿಸುತ್ತದೆ.

ಸ್ವಾತಂತ್ರ್ಯದ ನಂತರ ನಗರಗಳನ್ನು ಓದುವ ಕೆಲಸ ಶುರುವಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1959ರಲ್ಲಿ ಬಿ.ಆರ್. ಢೇಕಣೆಯವರ ಹುಬ್ಬಳ್ಳಿ ನಗರದ ಅಧ್ಯಯನವನ್ನು ಪುಸ್ತಕವಾಗಿ ತಂದಿತು. ನಗರದ ಜನರ ಆರ್ಥಿಕ ಬದುಕು ಅದರ ವಿಷಯ. ನಮ್ಮ ಭಾಗದ ಒಂದು ಊರನ್ನು ನಮ್ಮ ಭಾಗದ ವಿಶ್ವವಿದ್ಯಾಲಯವೇ ಕೂತು ಓದಿದ್ದು ದೊಡ್ಡದು. ಮರುವರ್ಷಗಳಲ್ಲೇ ಆ ಊರು ಬದಲಾಯಿತು. 1962ರಲ್ಲಿ ಹುಬ್ಬಳ್ಳಿ, ಧಾರವಾಡ ಸೇರಿ ಒಂದೇ ಮಹಾನಗರ ಪಾಲಿಕೆಯಾದವು. ನಡುವಿನ ಹಳ್ಳಿಗಳು ನಗರದ ಒಳಗೆ ಬಂದವು. ಪೇರಲ ಹಣ್ಣಿಗೆ ಹೆಸರಾದ ನವಲೂರು ಅವುಗಳಲ್ಲಿ ಒಂದು. ಈಗ ಬಿ.ಆರ್.ಟಿ.ಎಸ್. ಬಸ್ಸಿನಲ್ಲಿ ಹೋದರೆ ನವಲೂರು ಒಂದು ಸ್ಟಾಪು.

ಇನ್ನು ಬಾಗಲಕೋಟೆ. ಗದಗಿನಿಂದ ಹೋಟಗಿ ಕಡೆ ರೈಲು ಹತ್ತಿದರೆ ಸಿಗುವ ಊರು, ನಿಮ್ಮಲ್ಲಿ ಬಹಳ ಮಂದಿಗೆ ಅಲ್ಲಿ ಬೀಗರಿರಬೇಕು. 1964ರಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲು ಬಿತ್ತು. ಕೃಷ್ಣೆಯ ಹಿನ್ನೀರು ಘಟಪ್ರಭೆಯ ದಂಡೆಯ ಬಾಗಲಕೋಟೆಯ ಓಣಿಗಳಿಗೆ ಬರುತ್ತದೆ ಅಂತ ಆದ ಮೇಲೆ, ಊರನ್ನೇ ಎತ್ತಿ ಬೇರೆ ಕಡೆ ಇಡಬೇಕಾಯಿತು. ಅದಕ್ಕಾಗಿಯೇ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಹೊಸ ಊರಿನ ಯೋಜನೆಯಲ್ಲಿ ಕೈಯಿಟ್ಟವರು ನವಿ ಮುಂಬಯಿಯ ಕಲ್ಪನೆ ಕೊಟ್ಟ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಹಾಗೆ ಎದ್ದದ್ದು ನವನಗರ. ಅಗಲ ರಸ್ತೆ, ಗಿಡಮರ, ಸೆಕ್ಟರ್ ನಂಬರು. ಉತ್ತರ ಕರ್ನಾಟಕದಲ್ಲಿ ಇಷ್ಟು ಅಚ್ಚುಕಟ್ಟಾದ ಊರು ನಾವು ನೋಡಿದ್ದು ಕಡಿಮೆ, ಒಪ್ಪಿಕೊಳ್ಳಬೇಕು.

ಆದರೆ ಓಣಿಯಲ್ಲಿ ಕಟ್ಟೆ ಇತ್ತು, ಎದುರು ಮನೆಯವರು ಯಾರು ಅಂತ ಗೊತ್ತಿತ್ತು, ಅಂಗಡಿ ಮನೆಯ ಮುಂದಿನ ಪಡಸಾಲೆಯಲ್ಲೇ ಇತ್ತು. ಇವನ್ನು ಸೆಕ್ಟರಿಗೆ ಹೊತ್ತುಕೊಂಡು ಹೋಗಲು ಬರುವುದಿಲ್ಲ. ಮುಳುಗಿದ ಊರಿನವರ ಬಗ್ಗೆ ಆಗ ಮಾತು ಬಹಳ ಆಯಿತು. ನವನಗರಕ್ಕೆ ಜಾಗ ಕೊಟ್ಟ ಹೊಲದವರ ಬಗ್ಗೆ ಅಷ್ಟು ಆಗಲಿಲ್ಲ. ಅವರ ಹೊಲ ನೀರಿನಲ್ಲಿ ಮುಳುಗಲಿಲ್ಲ, ಮನೆಗಳ ಅಡಿಯಲ್ಲಿ ಹೋಯಿತು. 2010ರ ನ್ಯಾಯಮಂಡಳಿ ತೀರ್ಪು ಆಲಮಟ್ಟಿಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿದೆ. ಹಾಗಾಗಿ ಅಲ್ಲಿ ಈ ಕಥೆ ಮುಗಿದಿಲ್ಲ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ನಮ್ಮ ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಪಟ್ಟಣದ ಸುತ್ತಲಿನ ಹಳ್ಳಿಗಳನ್ನೂ ಸೇರಿಸಿ ಯೋಜನಾ ಪ್ರದೇಶ ಅಂತ ಗುರುತು ಮಾಡುತ್ತಾರೆ. ಆಮೇಲೆ ಮಾಸ್ಟರ್ ಪ್ಲಾನ್. ನಕ್ಷೆಯಲ್ಲಿ ಹಳದಿ ಬಣ್ಣ ಇದ್ದರೆ ವಸತಿ, ನೀಲಿ ವ್ಯಾಪಾರ, ನೇರಳೆ ಕಾರ್ಖಾನೆ, ಹಸಿರು ಇದ್ದರೆ ಉದ್ಯಾನ ಅಥವಾ ಕೃಷಿ. ಒಂದೇ ಬದುವಿನ ಆಚೆ ಈಚೆ, ಒಂದೇ ಎರಿ ಮಣ್ಣು, ಒಂದು ಹಳದಿ ಒಂದು ಹಸಿರು. ಎನ್.ಎ. ಸುಲಭವಾಗಿ ಆಗುವುದು, ಲೇಔಟ್ ಮಂಜೂರಾಗುವುದು ಹಳದಿಗೆ. ನಡುವೆ ಆಗುವುದು ಇದು. ಬೆಲೆ ಮೊದಲು ಏರುವುದು ಕಾಗದದ ಮೇಲೆ, ಆ ಕಾಗದ ಮೊದಲು ನೋಡಿದವರು ನಿಮ್ಮ ಮನೆಗೆ ಅಡ್ವಾನ್ಸ್ ಹಿಡಿದುಕೊಂಡು ಬರುತ್ತಾರೆ.

ಕರಡು ನಕ್ಷೆ ಪ್ರಕಟವಾದ ಮೇಲೆ ಜನ ಹೇಳುವುದನ್ನು ಕೇಳಬೇಕು ಅಂತ ಅದೇ ಕಾಯ್ದೆಯಲ್ಲಿದೆ. ಅವಧಿ 60 ದಿನ. 2017ರ ನವೆಂಬರಿನಲ್ಲಿ ಬೆಂಗಳೂರಿನ 2031ರ ಕರಡು ಹೊರಬಿದ್ದಾಗ ಸಾವಿರಾರು ಆಕ್ಷೇಪಣೆಗಳು ಹೋದವು, ಕೊನೆಗೆ ಆ ಯೋಜನೆಯನ್ನೇ ಹಿಂದಕ್ಕೆ ಪಡೆದರು. ಅಲ್ಲಿ ನಕ್ಷೆ ಓದುವ ಸಂಘಗಳಿವೆ, ಪತ್ರಿಕೆಗಳಿವೆ. ನಮ್ಮ ಕಡೆ ಆ 60 ದಿನ ಕಡಲೆ ಬಿತ್ತುವ ಹೊತ್ತಿಗೋ, ಕೀಳುವ ಹೊತ್ತಿಗೋ ಬಂದು ಹೋಗಿರುತ್ತದೆ.

ಪ್ಲಾಟು ಕೊಳ್ಳುವವರ ಪಾಡೂ ಬೇರೆಯಲ್ಲ. ನಮ್ಮ ತಂಡದ ಗೆಳೆಯರೊಬ್ಬರ ತಂದೆ ಊರ ಹೊರಗೆ ಒಂದೂವರೆ ಗುಂಟೆ ತೆಗೆದುಕೊಂಡರು. ಎನ್.ಎ. ಆಗಿರಲಿಲ್ಲ, ಲೇಔಟ್ ಮಂಜೂರಾಗಿರಲಿಲ್ಲ. ಹನ್ನೆರಡು ವರ್ಷವಾಯಿತು, ಅಲ್ಲಿ ಈಗಲೂ ಜಾಲಿ ಬೆಳೆದಿದೆ. ಉತಾರ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಅವತ್ತು ಚಹಾ ಆದ ಮೇಲೆ ಆ ಹಿರಿಯರ ಹೊಲಕ್ಕೆ ಹೋದೆವು. ಸರಕಾರದ ದಿಶಾಂಕ್ ಆ್ಯಪ್ ತೆರೆದು ಬದುವಿನ ಮೇಲೆ ನಿಂತೆವು. ಮೊಬೈಲಿನಲ್ಲಿ ಸರ್ವೆ ನಂಬರ್ ಬಂತು. ಅವರು ಕಣ್ಣು ಕಿರಿದು ಮಾಡಿ ನೋಡಿದರು, ಹೌದು ಅಂದರು, ಅಜ್ಜನ ಕಾಲದ ನಂಬರ್ ಅದೇ. ಬಾಂದು ಕಲ್ಲು ಎಲ್ಲಿದೆ ಅಂತಲೂ ತೋರಿಸಿದರು, ಅರ್ಧ ಹೂತು ಹೋಗಿತ್ತು.

"ಬಣ್ಣ ಯಾವ್ದು ಅಂತ ಇದರಾಗ ತೋರಸ್ತೈತೇನ?" ಅಂತ ಕೇಳಿದರು.

ಇದರಲ್ಲಿ ಅಲ್ಲ, ಅದಕ್ಕೆ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮಾಸ್ಟರ್ ಪ್ಲಾನ್ ನಕ್ಷೆ ನೋಡಬೇಕು ಅಂದೆವು. ಉತಾರದ ಹಾಳೆ ಮಡಚಿ ಕಿಸೆಯಲ್ಲಿಟ್ಟುಕೊಂಡು, ಸೋಮವಾರ ಎಷ್ಟು ಗಂಟೆಗೆ ತೆಗೆಯುತ್ತಾರೆ ಅಂತ ಕೇಳಿದರು.