ಹೆಗಲ ನೋವು ಮತ್ತು ಅಲ್ ರಾಝಿಯ ತಕ್ಕಡಿ

ತಕ್ಬೀರ್‌ಗೆ ಕೈ ಎತ್ತುವಾಗ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವಾಗ, ಅಟ್ಟದಿಂದ ಡಬ್ಬಿ ಇಳಿಸುವಾಗ ಹೆಗಲಲ್ಲಿ ಚುಳ್ಳೆನ್ನುವ ನೋವು ನಡುವಯಸ್ಸಿನ ನಮ್ಮಲ್ಲಿ ಅನೇಕರಿಗೆ ಪರಿಚಿತ. ಈ ನೋವಿಗೆಂದು ಮಾಡುತ್ತಾ ಬಂದ ಒಂದು ಆಪರೇಷನ್ನಿನ ಇತಿಹಾಸದಲ್ಲಿ ವೈದ್ಯರಿಗಷ್ಟೇ ಅಲ್ಲ, ನಮಗೂ ಒಂದು ಪಾಠವಿದೆ.

ಹೆಗಲಿನ ಮೇಲೆ ಸೂರಿನಂತೆ ಚಾಚಿಕೊಂಡ ಎಲುಬಿನ ತುದಿಯನ್ನು ಆಕ್ರೋಮಿಯನ್ ಎನ್ನುತ್ತಾರೆ. ತೋಳನ್ನೆತ್ತುವ ಸ್ನಾಯುವಿನ ರಜ್ಜು ಅದರ ಕೆಳಗಿನ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೆ. ಕೈ ಎತ್ತಿದಾಗ ಈ ರಜ್ಜು ಎಲುಬಿಗೆ ಒತ್ತಿ ಉಜ್ಜುವುದೇ ನೋವಿನ ಮೂಲವೆಂದು ನ್ಯೂಯಾರ್ಕಿನ ಶಸ್ತ್ರವೈದ್ಯ ಡಾ. ಚಾರ್ಲ್ಸ್ ನೀರ್ 1972ರಲ್ಲಿ ಪ್ರತಿಪಾದಿಸಿದರು. ಎಲುಬಿನ ಅಡಿಭಾಗವನ್ನು ಸ್ವಲ್ಪ ಕೆತ್ತಿ ತೆಗೆದರೆ ಜಾಗ ಸಡಿಲವಾಗುತ್ತದೆ, ನೋವು ಹೋಗುತ್ತದೆ. ಬಾಗಿಲು ಚೌಕಟ್ಟಿಗೆ ಉಜ್ಜಿದರೆ ಬಡಗಿ ಅಂಚನ್ನು ಕೀಸುವುದಿಲ್ಲವೇ? ಅಷ್ಟೇ ಸರಳವಾದ ತರ್ಕ.

ಆದರೆ ಅದಕ್ಕಾಗಿ ಹೆಗಲನ್ನು ಕೊಯ್ದು ತೆರೆಯಬೇಕಿತ್ತು. ಕೊಯ್ಯದೆ ನೋಡುವ ದಾರಿಯನ್ನು ಜಪಾನೀಯರು ಆಗಲೇ ಹುಡುಕಿದ್ದರು. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ, ಮೂತ್ರಕೋಶವನ್ನು ಪರೀಕ್ಷಿಸುವ ನಳಿಕೆಯನ್ನು ಶವವೊಂದರ ಮೊಣಕಾಲಿನೊಳಗೆ ಇಳಿಸಿ ನೋಡಿದ್ದರು. ಅವರ ಶಿಷ್ಯ ಮಸಾಕಿ ವತನಾಬೆ 1950ರ ದಶಕದ ಕೊನೆಯ ಹೊತ್ತಿಗೆ ಬಳಕೆಗೆ ಒಗ್ಗುವ ಆರ್ತ್ರೋಸ್ಕೋಪನ್ನು ರೂಪಿಸಿದರು. 1980ರ ದಶಕದಲ್ಲಿ ಅಮೆರಿಕದ ಡಾ. ಹಾರ್ವರ್ಡ್ ಎಲ್‌ಮನ್ ಹೆಗಲಿನ ಈ ಆಪರೇಷನ್ನನ್ನು ಅಂಥ ನಳಿಕೆಯ ನೆರವಿನಿಂದ, ಸಣ್ಣ ರಂಧ್ರಗಳ ಮೂಲಕವೇ ಮಾಡಿದರು. ಇದೇ ಕೀಹೋಲ್ ಸರ್ಜರಿ. ಗಾಯ ಚಿಕ್ಕದು, ಮನೆಗೆ ಮರಳುವುದು ಬೇಗ. ಇಂಗ್ಲೆಂಡಿನಲ್ಲಿ 2000ದಲ್ಲಿ 2,523 ಮಂದಿಗೆ ಈ ಚಿಕಿತ್ಸೆಯಾಗಿದ್ದರೆ 2010ರಲ್ಲಿ 21,355 ಮಂದಿಗಾಯಿತು.

ಆಪರೇಷನ್ ಆದ ಬಹಳಷ್ಟು ಮಂದಿಯ ನೋವು ಇಳಿಯಿತು, ನಿಜ. ಆದರೆ ಇಳಿಸಿದ್ದು ಯಾವುದು? ಎಲುಬು ಕೆತ್ತಿದ್ದೋ, ಅನಂತರದ ವಿಶ್ರಾಂತಿ ಮತ್ತು ವ್ಯಾಯಾಮವೋ, ಕಾಲವೋ, ವೈದ್ಯರ ಮೇಲಿನ ಭರವಸೆಯೋ?

ಇದನ್ನು ತಿಳಿಯಲು 2012ರಲ್ಲಿ ಬ್ರಿಟನ್ನಿನ ವೈದ್ಯರು ಒಂದು ಪರೀಕ್ಷೆಗೆ ತೊಡಗಿದರು. ಒಪ್ಪಿಗೆ ನೀಡಿದ 313 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಎಲುಬು ಕೆತ್ತಿದರು. ಇನ್ನೊಂದಕ್ಕೆ ನಳಿಕೆ ಇಳಿಸಿ ನೋಡಿದರು, ಏನನ್ನೂ ಕೆತ್ತಲಿಲ್ಲ. ಈ ಎರಡು ಗುಂಪಿನವರಿಗೂ ತಮಗಾದದ್ದು ಯಾವುದೆಂದು ತಿಳಿಸಲಿಲ್ಲ. ಮೂರನೆಯ ಗುಂಪಿಗೆ ಚಿಕಿತ್ಸೆಯೇ ಇಲ್ಲ. 2017ರಲ್ಲಿ ಫಲಿತಾಂಶ ಹೊರಬಿತ್ತು: ಕೆತ್ತಿಸಿಕೊಂಡವರಿಗೂ ಕೆತ್ತಿಸಿಕೊಳ್ಳದವರಿಗೂ ವ್ಯತ್ಯಾಸವಿರಲಿಲ್ಲ. ಚಿಕಿತ್ಸೆಯಿಲ್ಲದವರಿಗಿಂತ ಈ ಇಬ್ಬರೂ ತುಸು ಮೇಲಿದ್ದರು. ಆದರೆ ಆ ಅಂತರ ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟಿರಲಿಲ್ಲ. ಮರುವರ್ಷ ಫಿನ್ಲೆಂಡಿನ ಅಧ್ಯಯನವೂ ಕೆತ್ತುವುದರಿಂದ ವಿಶೇಷ ಲಾಭವಿಲ್ಲವೆಂದಿತು. 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ತಜ್ಞರ ಸಮಿತಿ, ಈ ಬಗೆಯ ನೋವಿಗೆ ಈ ಆಪರೇಷನ್ ಬೇಡವೆಂದು ಖಡಾಖಂಡಿತವಾಗಿ ಶಿಫಾರಸು ಮಾಡಿತು. ಪೆಟ್ಟು ಬಿದ್ದು ರಜ್ಜು ಹರಿದಿದ್ದರೆ, ಕೀಲು ತಪ್ಪಿದ್ದರೆ ಮಾತು ಬೇರೆ. ಅದನ್ನು ವೈದ್ಯರೇ ಹೇಳಬೇಕು.

ಹೋಲಿಸಿ ತಿಳಿಯುವ ಈ ದಾರಿ ನಮಗೆ ಪರಕೀಯವಲ್ಲ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, ರಯ್ ನಗರದ ಅಲ್ ರಾಝಿ ‘ಸಿರ್ಸಾಮ್’ ಎಂಬ ಮಿದುಳಿನ ಬೇನೆಗೆ ಒಂದು ಗುಂಪಿನ ರೋಗಿಗಳ ರಕ್ತ ತೆಗೆದರು. ಇನ್ನೊಂದು ಗುಂಪನ್ನು ಬೇಕೆಂದೇ ಹಾಗೇ ಬಿಟ್ಟರು. ‘ಅಲ್ ಹಾವಿ’ ಗ್ರಂಥದಲ್ಲಿ ಇದರ ದಾಖಲೆಯಿದೆ. ರಕ್ತ ತೆಗೆಯುವುದೇ ಸರಿಯೆಂದು ಅವರು ತಲುಪಿದ ತೀರ್ಮಾನ ಇಂದು ನಿಲ್ಲದು. ಆದರೆ ಹೋಲಿಸದೆ ತೀರ್ಮಾನಿಸಬಾರದೆಂಬ ಎಚ್ಚರ ಇಂದಿಗೂ ನಿಂತಿದೆ. ತಾವು ಗುರುವೆಂದು ಗೌರವಿಸುತ್ತಿದ್ದ ಗ್ಯಾಲೆನ್‌ನ ಮೇಲೂ ಅವರು ಸಂಶಯಗಳ ಒಂದು ಗ್ರಂಥವನ್ನೇ ಬರೆದರು.

ನಾವಾದರೋ ಅಲ್ ರಾಝಿಯ ಹೆಸರು ಕೇಳಿದೊಡನೆ ಎದೆಯುಬ್ಬಿಸುತ್ತೇವೆ. ‘ಪಿದರಮ್ ಸುಲ್ತಾನ್ ಬೂದ್’, ನಮ್ಮಪ್ಪ ಸುಲ್ತಾನನಾಗಿದ್ದ ಎಂಬ ಹಳೆಯ ಗಾದೆಯಂತೆ. ಅತ್ತ ಬ್ರಿಟನ್ನಿನ ಶಸ್ತ್ರವೈದ್ಯರು ತಮ್ಮದೇ ಕೈಕಸುಬನ್ನು ತಕ್ಕಡಿಗೆ ಹಾಕಿ, ತೂಕ ಕಡಿಮೆ ಬಂದಾಗ ಅದನ್ನು ಮುಚ್ಚಿಡದೆ ಲೋಕಕ್ಕೆ ಹೇಳಿದರು. ಅಲ್ ರಾಝಿಯ ನಿಜವಾದ ವಾರಸುದಾರರು ಯಾರು? ಹೆಸರನ್ನು ಉಳಿಸಿಕೊಂಡ ನಾವೋ, ತಕ್ಕಡಿಯನ್ನು ಉಳಿಸಿಕೊಂಡ ಅವರೋ?