ಬಿ.ಎಸ್ಸಿ. ಮೈಕ್ರೋಬಯಾಲಜಿ ಮತ್ತು ಬಿ.ಎಸ್ಸಿ. ವೈದ್ಯಕೀಯ ಪ್ರಯೋಗಶಾಲಾ ತಂತ್ರಜ್ಞಾನ: ಪ್ರವೇಶಾರ್ಹತೆ, ಅವಧಿ ಮತ್ತು ಅರ್ಜಿದಾರರಿಗೆ ಸೂಚನೆಗಳು

ಪೀಠಿಕೆ

ದ್ವಿತೀಯ ಪಿ.ಯು.ಸಿ. ವಿಜ್ಞಾನ ವಿಭಾಗದಲ್ಲಿ ತೇರ್ಗಡೆ ಹೊಂದಿ ಪ್ರಯೋಗಾಲಯದ ವೃತ್ತಿಯನ್ನು ಆಯ್ದುಕೊಳ್ಳಲು ಇಚ್ಛಿಸುವ ವಿದ್ಯಾರ್ಥಿಗಳ ಹಾಗೂ ಅವರ ಪೋಷಕರ ಮಾಹಿತಿಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಬಿ.ಎಸ್ಸಿ. ಮೈಕ್ರೋಬಯಾಲಜಿ ಮತ್ತು ಬಿ.ಎಸ್ಸಿ. ವೈದ್ಯಕೀಯ ಪ್ರಯೋಗಶಾಲಾ ತಂತ್ರಜ್ಞಾನ (ಮುಂದೆ ‘ಎಂ.ಎಲ್.ಟಿ.’ ಎಂದು ನಮೂದಿಸಲಾಗಿದೆ) ಇವೆರಡೂ ಒಂದೇ ಬಗೆಯ ಪದವಿಗಳೆಂದು ಅನೇಕರು ಭಾವಿಸುತ್ತಾರೆ. ಎರಡರಲ್ಲಿಯೂ ರೋಗಾಣುಗಳ ಅಧ್ಯಯನವಿದ್ದರೂ ಪದವಿ ನೀಡುವ ವಿಶ್ವವಿದ್ಯಾಲಯ, ವ್ಯಾಸಂಗ ಕ್ರಮ ಹಾಗೂ ಮುಂದೆ ಅರ್ಹತೆ ದೊರೆಯುವ ಹುದ್ದೆಗಳು ಬೇರೆ ಬೇರೆಯಾಗಿರುತ್ತವೆ. ಮೂರು ವರ್ಷಗಳ ಶ್ರಮ ಮತ್ತು ಶುಲ್ಕವನ್ನು ವ್ಯಯಿಸಿದ ನಂತರ ಈ ವ್ಯತ್ಯಾಸವನ್ನು ತಿಳಿಯುವಂತಾಗಬಾರದು. ಆದುದರಿಂದ ಪ್ರವೇಶಕ್ಕೆ ಮುನ್ನವೇ ಈ ಕೆಳಕಂಡ ಅಂಶಗಳನ್ನು ಗಮನಿಸಲು ಕೋರಲಾಗಿದೆ.

1. ಯಾವ ಪದವಿಗೆ ಯಾವ ವಿಶ್ವವಿದ್ಯಾಲಯ

ಎಂ.ಎಲ್.ಟಿ. ಪದವಿಯು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದೆ. 1996ರಲ್ಲಿ ಸ್ಥಾಪನೆಯಾದ ಸದರಿ ವಿಶ್ವವಿದ್ಯಾಲಯದ ಕಚೇರಿಯು ಜಯನಗರ 4ನೇ ಟಿ ಬ್ಲಾಕ್‌ನಲ್ಲಿದ್ದು, ಯಡಿಯೂರು, ಬನಶಂಕರಿ ಹಾಗೂ ಜೆ.ಪಿ. ನಗರದ ನಿವಾಸಿಗಳಿಗೆ ಸಮೀಪದಲ್ಲಿದೆ. ಕೆಲವು ಖಾಸಗಿ ಹಾಗೂ ಡೀಮ್ಡ್ ವಿಶ್ವವಿದ್ಯಾಲಯಗಳೂ ಈ ಪದವಿಯನ್ನು ನೀಡುತ್ತವೆ.

ಬಿ.ಎಸ್ಸಿ. ಮೈಕ್ರೋಬಯಾಲಜಿಯು ಸಾಮಾನ್ಯ ವಿಜ್ಞಾನ ಪದವಿಯಾಗಿದ್ದು, ಅದಕ್ಕೆ ಸಂಬಂಧಿಸಿದ ವಿಚಾರಣೆಗಾಗಿ ಮೇಲ್ಕಂಡ ಕಚೇರಿಗೆ ಹೋಗುವ ಅವಶ್ಯಕತೆಯಿಲ್ಲ. ಇದನ್ನು ಬೆಂಗಳೂರು ವಿಶ್ವವಿದ್ಯಾಲಯ, ಬೆಂಗಳೂರು ನಗರ ವಿಶ್ವವಿದ್ಯಾಲಯ ಮುಂತಾದವುಗಳ ಸಂಯೋಜಿತ ಕಾಲೇಜುಗಳು ನಡೆಸುತ್ತವೆ. 2017ರಿಂದ ಬೆಂಗಳೂರು ವಿಶ್ವವಿದ್ಯಾಲಯವು ಮೂರಾಗಿ ವಿಭಜನೆಗೊಂಡಿರುವುದರಿಂದ, ತಾವು ಸೇರುವ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡಿದೆ ಎಂಬುದನ್ನು ಕಾಲೇಜಿನಲ್ಲಿಯೇ ವಿಚಾರಿಸಿ ತಿಳಿಯತಕ್ಕದ್ದು.

2. ಬಿ.ಎಸ್ಸಿ. ಎಂ.ಎಲ್.ಟಿ.

ಅರ್ಹತೆ: ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ವಿಷಯಗಳೊಂದಿಗೆ ದ್ವಿತೀಯ ಪಿ.ಯು.ಸಿ. ಅಥವಾ ತತ್ಸಮಾನ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿರತಕ್ಕದ್ದು. ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರತಕ್ಕದ್ದು.

ಅವಧಿ: ಮೂರು ವರ್ಷಗಳ ವ್ಯಾಸಂಗ ಹಾಗೂ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ಬೋಧನಾ ಮಾಧ್ಯಮ ಇಂಗ್ಲಿಷ್.

ವಿಷಯಗಳು: ಮೊದಲ ವರ್ಷದಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ, ರೋಗಲಕ್ಷಣಶಾಸ್ತ್ರ ಮತ್ತು ಸೂಕ್ಷ್ಮಜೀವಶಾಸ್ತ್ರ. ನಂತರದ ಎರಡು ವರ್ಷಗಳಲ್ಲಿ ಕೊನೆಯ ಮೂರು ವಿಷಯಗಳ ಮುಂದುವರಿದ ಅಧ್ಯಯನ. ರಕ್ತ, ಮೂತ್ರ, ಕಫ ಮುಂತಾದ ಮಾದರಿಗಳ ಪರೀಕ್ಷೆಯನ್ನು ಆಸ್ಪತ್ರೆಯ ಪ್ರಯೋಗಾಲಯದಲ್ಲಿಯೇ ಅಭ್ಯಸಿಸುವುದು ಈ ಪದವಿಯ ವೈಶಿಷ್ಟ್ಯವಾಗಿದೆ.

3. ಬಿ.ಎಸ್ಸಿ. ಮೈಕ್ರೋಬಯಾಲಜಿ

ಅರ್ಹತೆ: ಪಿ.ಯು.ಸಿ. ವಿಜ್ಞಾನದಲ್ಲಿ ತೇರ್ಗಡೆ. ಸಾಮಾನ್ಯವಾಗಿ ಜೀವಶಾಸ್ತ್ರವನ್ನು ವ್ಯಾಸಂಗ ಮಾಡಿರಬೇಕಾಗುತ್ತದೆ.

ಅವಧಿ: 2021-22ರಿಂದ ರಾಜ್ಯದಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದ್ಧತಿಯನ್ನು ಜಾರಿಗೊಳಿಸಲಾಗಿತ್ತು. ಸರ್ಕಾರವು 2024ರ ಮೇ ತಿಂಗಳಿನಲ್ಲಿ ಇದನ್ನು ಕೈಬಿಟ್ಟು, 2024-25ನೇ ಸಾಲಿನಿಂದ ಮೂರು ವರ್ಷಗಳ ಪದವಿಯನ್ನು ಮರಳಿ ಜಾರಿಗೆ ತಂದಿದೆ. ಈ ಪದವಿಯಲ್ಲಿ ಎಂ.ಎಲ್.ಟಿ. ಮಾದರಿಯ ಒಂದು ವರ್ಷದ ಆಸ್ಪತ್ರೆ ಇಂಟರ್ನ್‌ಶಿಪ್ ಇರುವುದಿಲ್ಲ.

ಉಪಯೋಗ: ಔಷಧ ಹಾಗೂ ಆಹಾರ ತಯಾರಿಕಾ ಘಟಕಗಳ ಗುಣಮಟ್ಟ ವಿಭಾಗ, ನೀರಿನ ಪರೀಕ್ಷೆ, ಸಂಶೋಧನೆ ಮತ್ತು ಬೋಧನೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ನಿಯಮಗಳು, 2011ರನ್ವಯ ಆಹಾರ ವಿಶ್ಲೇಷಕರ ಹುದ್ದೆಗೆ ನಿಗದಿಪಡಿಸಿದ ಸ್ನಾತಕೋತ್ತರ ಪದವಿಗಳಲ್ಲಿ ಮೈಕ್ರೋಬಯಾಲಜಿಯೂ ಒಂದಾಗಿದ್ದು, ಇದರೊಂದಿಗೆ ಆಹಾರ ವಿಶ್ಲೇಷಣೆಯಲ್ಲಿ ಮೂರು ವರ್ಷಗಳ ಅನುಭವವನ್ನು ಹೊಂದಿರಬೇಕಾಗುತ್ತದೆ.

4. ವ್ಯತ್ಯಾಸವು ಎಲ್ಲಿ ಮುಖ್ಯವಾಗುತ್ತದೆ

ರಕ್ತನಿಧಿ ಕೇಂದ್ರದ ತಂತ್ರಜ್ಞರ ಹುದ್ದೆಯನ್ನು ಉದಾಹರಣೆಯಾಗಿ ನೋಡಬಹುದು. 1945ರ ಔಷಧ ನಿಯಮಗಳಲ್ಲಿ ಈ ಹುದ್ದೆಗೆ ಎಂ.ಎಲ್.ಟಿ. ಪದವೀಧರರಾದಲ್ಲಿ ಆರು ತಿಂಗಳ ಹಾಗೂ ಎಂ.ಎಲ್.ಟಿ. ಡಿಪ್ಲೊಮಾ ಪಡೆದವರಾದಲ್ಲಿ ಒಂದು ವರ್ಷದ ಅನುಭವವನ್ನು ಗೊತ್ತುಪಡಿಸಲಾಗಿದೆ. ಕೇವಲ ಬಿ.ಎಸ್ಸಿ. ಮೈಕ್ರೋಬಯಾಲಜಿ ಪದವಿಯಿಂದ ಈ ಅರ್ಹತೆ ಪೂರ್ಣಗೊಳ್ಳುವುದಿಲ್ಲ. ಅಂಕಗಳು ಎಷ್ಟೇ ಉತ್ತಮವಾಗಿದ್ದರೂ, ನಿಗದಿತ ವಿದ್ಯಾರ್ಹತೆ ಇಲ್ಲದ ಅರ್ಜಿಯು ಪರಿಶೀಲನೆಯ ಹಂತದಲ್ಲಿಯೇ ತಿರಸ್ಕೃತವಾಗುವ ಸಂಭವವಿರುತ್ತದೆ. ಆದ್ದರಿಂದ ತಾವು ಅಪೇಕ್ಷಿಸುವ ಹುದ್ದೆಯ ಹಿಂದಿನ ನೇಮಕಾತಿ ಅಧಿಸೂಚನೆಯೊಂದನ್ನು ಪಡೆದು, ಅದರಲ್ಲಿನ ವಿದ್ಯಾರ್ಹತೆಯ ಕಂಡಿಕೆಯನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ.

5. ಕಾನೂನು ಮತ್ತು ನೋಂದಣಿ

ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ, 2021ರ ಅನುಸೂಚಿಯಲ್ಲಿ ವೈದ್ಯಕೀಯ ಪ್ರಯೋಗಶಾಲೆ ಮತ್ತು ಜೀವವಿಜ್ಞಾನ ವೃತ್ತಿಗಳನ್ನು ಸೇರಿಸಲಾಗಿದೆ. ಸದರಿ ಕಾಯ್ದೆಯ ಪ್ರಕಾರ ಅಲೈಡ್ ಆರೋಗ್ಯ ವೃತ್ತಿಪರರ ವ್ಯಾಸಂಗವು 2,000 ಗಂಟೆಗಳಿಗೆ ಹಾಗೂ ಆರೋಗ್ಯ ವೃತ್ತಿಪರರ ಪದವಿ ವ್ಯಾಸಂಗವು 3,600 ಗಂಟೆಗಳಿಗೆ ಕಡಿಮೆ ಇರತಕ್ಕದ್ದಲ್ಲ.

ಈ ಕಾಯ್ದೆಯ ವ್ಯಾಪ್ತಿಯ ವ್ಯಾಸಂಗಗಳನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ನಡೆಸುವುದನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2025ರ ಜುಲೈ-ಆಗಸ್ಟ್ ಪ್ರವೇಶಾತಿಯಿಂದ ನಿರ್ಬಂಧಿಸಿದೆ. ಮೈಕ್ರೋಬಯಾಲಜಿಯೂ ಇದರಲ್ಲಿ ಸೇರಿದೆ. ಮನೆಯಲ್ಲಿಯೇ ಕುಳಿತು ಈ ಪದವಿಗಳನ್ನು ಪಡೆಯಬಹುದೆಂಬ ಜಾಹೀರಾತುಗಳನ್ನು ನಂಬಿ ಹಣ ಪಾವತಿಸಬಾರದಾಗಿ ಎಚ್ಚರಿಸಲಾಗಿದೆ.

6. ಪ್ರವೇಶಕ್ಕೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಅ) ಕಾಲೇಜಿಗೆ ಆ ವರ್ಷದ ಸಂಯೋಜನೆ ಇದೆಯೇ ಹಾಗೂ ಆ ನಿರ್ದಿಷ್ಟ ವ್ಯಾಸಂಗಕ್ಕೆ ಮಂಜೂರಾದ ಸೀಟುಗಳೆಷ್ಟು.
ಆ) ಪದವಿ ಪ್ರಮಾಣಪತ್ರದಲ್ಲಿ ನಮೂದಾಗುವ ಪದವಿಯ ಪೂರ್ಣ ಹೆಸರು.
ಇ) ಎಂ.ಎಲ್.ಟಿ. ಆದಲ್ಲಿ, ಇಂಟರ್ನ್‌ಶಿಪ್ ನಡೆಯುವ ಆಸ್ಪತ್ರೆ ಯಾವುದು.
ಈ) ಶುಲ್ಕದ ಪೂರ್ಣ ವಿವರ ಮತ್ತು ಪ್ರತಿ ಪಾವತಿಗೆ ರಸೀದಿ.

7. ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿ, ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣಪತ್ರ, ಆಧಾರ್ ಪ್ರತಿ ಮತ್ತು ಭಾವಚಿತ್ರಗಳು. ಮೀಸಲಾತಿ ಹಾಗೂ ವಿದ್ಯಾರ್ಥಿವೇತನ ಕೋರುವವರು ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮುಂಚಿತವಾಗಿ ಪಡೆದಿರತಕ್ಕದ್ದು. ಹೊರರಾಜ್ಯ ಅಥವಾ ಅನ್ಯ ಮಂಡಳಿಗಳಲ್ಲಿ ವ್ಯಾಸಂಗ ಮಾಡಿದವರು ವಿಶ್ವವಿದ್ಯಾಲಯದ ಅರ್ಹತಾ ಪ್ರಮಾಣಪತ್ರದ ಬಗ್ಗೆ ಕಾಲೇಜಿನಲ್ಲಿ ವಿಚಾರಿಸುವುದು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಡಿಪ್ಲೊಮಾ ಪಡೆದವರು ಪದವಿಗೆ ಸೇರಬಹುದೇ?
ಉತ್ತರ: ಸೇರಬಹುದು. ಸರ್ಕಾರಿ ಮಂಡಳಿಯಿಂದ ಎಂ.ಎಲ್.ಟಿ. ಡಿಪ್ಲೊಮಾ ಪಡೆದವರಿಗೆ, ನಿಗದಿತ ಷರತ್ತುಗಳನ್ನು ಪೂರೈಸಿದಲ್ಲಿ, ಅದೇ ವಿಷಯದ ಪದವಿಯ ಎರಡನೇ ವರ್ಷಕ್ಕೆ ನೇರ ಪ್ರವೇಶಕ್ಕೆ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ನಿಯಮಗಳಲ್ಲಿ ಅವಕಾಶವಿದೆ.

ಪ್ರಶ್ನೆ: ಪದವಿಯ ನಂತರ ಸ್ವಂತ ಪ್ರಯೋಗಾಲಯ ತೆರೆದು ವರದಿಗಳಿಗೆ ಸಹಿ ಮಾಡಬಹುದೇ?
ಉತ್ತರ: ಪ್ರಯೋಗಾಲಯವನ್ನು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಡಿ ನೋಂದಾಯಿಸತಕ್ಕದ್ದು. ಪ್ರಯೋಗಾಲಯದ ವರದಿಗಳಿಗೆ ರೋಗಲಕ್ಷಣಶಾಸ್ತ್ರದಲ್ಲಿ ಸ್ನಾತಕೋತ್ತರ ಅರ್ಹತೆಯುಳ್ಳ ನೋಂದಾಯಿತ ವೈದ್ಯರ ಮೇಲುಸಹಿ ಇರಬೇಕೆಂಬ ನಿಲುವನ್ನು ಸರ್ವೋಚ್ಚ ನ್ಯಾಯಾಲಯವು 2017ರ ಡಿಸೆಂಬರ್‌ನಲ್ಲಿ ಎತ್ತಿಹಿಡಿದಿದೆ. ಬಿ.ಎಸ್ಸಿ. ಪದವಿಯೊಂದರಿಂದಲೇ ಸಹಿ ಮಾಡುವ ಅಧಿಕಾರ ದೊರೆಯುತ್ತದೆಂದು ಭಾವಿಸತಕ್ಕದ್ದಲ್ಲ.

ಪ್ರಶ್ನೆ: ಎಂ.ಡಿ. ಮೈಕ್ರೋಬಯಾಲಜಿಗೆ ಬಿ.ಎಸ್ಸಿ. ಪದವೀಧರರು ಅರ್ಹರೇ?
ಉತ್ತರ: ಇಲ್ಲ. ಎಂ.ಡಿ. ವ್ಯಾಸಂಗಕ್ಕೆ ಎಂ.ಬಿ.ಬಿ.ಎಸ್. ಪದವಿ ಕಡ್ಡಾಯ. ಬಿ.ಎಸ್ಸಿ. ಪದವೀಧರರು ಎಂ.ಎಸ್ಸಿ. ಹಾಗೂ ನಂತರ ಪಿಎಚ್.ಡಿ. ವ್ಯಾಸಂಗ ಮಾಡಬಹುದು.

ಷರಾ: ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರೋಗಿಗಳ ಮಾದರಿಗಳನ್ನು ಪರೀಕ್ಷಿಸುವ ಉದ್ಯೋಗವೇ ಗುರಿಯಾಗಿದ್ದಲ್ಲಿ ಎಂ.ಎಲ್.ಟಿ., ಕೈಗಾರಿಕೆ, ಆಹಾರ, ನೀರು ಅಥವಾ ಸಂಶೋಧನಾ ಕ್ಷೇತ್ರವು ಗುರಿಯಾಗಿದ್ದಲ್ಲಿ ಮೈಕ್ರೋಬಯಾಲಜಿ ಸೂಕ್ತವಾಗಿರುತ್ತದೆ. ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಪ್ರವೇಶದ ದಿನಾಂಕ, ಶುಲ್ಕ ಹಾಗೂ ಸೀಟು ಹಂಚಿಕೆಯ ವಿಷಯದಲ್ಲಿ ಆಯಾ ವರ್ಷದ ಅಧಿಕೃತ ಅಧಿಸೂಚನೆಯೇ ಅಂತಿಮವಾಗಿರುತ್ತದೆ.