ಹೊಲವನ್ನು ಮೇದ ಬೇಲಿ

ಉಮರೇಡಿನ ನಮ್ಮ ಬ್ಯಾಂಕಿಗೆ ಸಾಲ ಕೇಳಲು ಬರುವ ರೈತರ ಕಾಗದಗಳಲ್ಲಿ ನಾನು ಮೊದಲು ನೋಡುವುದು ಚಕ್ಕುಬಂದಿಯನ್ನು. ಮೂಡಲಿಗೆ ಯಾರ ಹೊಲ, ಪಡುವಲಿಗೆ ಯಾವ ಹಳ್ಳ ಎಂದು ಬರೆದುಕೊಳ್ಳುವುದು ನಿತ್ಯದ ಕಾಯಕ. ಹೊಲಕ್ಕೆ ಹೋಗಿ ನೋಡಿದರೆ ಕಾಗದದ ಗೆರೆ ಇರಬೇಕಾದಲ್ಲಿ ಕಡಿದು ಒಟ್ಟಿದ ಜಾಲಿಯ ಮುಳ್ಳು ಕಾಣುತ್ತದೆ. ಹಂದಿ, ದನ, ಕಳ್ಳ, ಮೂವರಿಗೂ ಅದೇ ತಡೆ. ಒಮ್ಮೆ ಹಿರಿಯ ರೈತರೊಬ್ಬರು ಏನೋ ಮಾತಿಗೆ, ಬೇಲಿಯೇ ಹೊಲ ತಿನ್ನುತ್ತದೆಂಬ ಮರಾಠಿ ಗಾದೆಯನ್ನು ಹೇಳಿದರು. “ನಮ್ಮಲ್ಲೂ ಬೇಲಿಯೇ ಎದ್ದು ಹೊಲ ಮೇಯುತ್ತದೆ, ಕಾಕಾ” ಎಂದೆ. ಇಬ್ಬರೂ ನಕ್ಕೆವು. ಆದರೆ ಈ ಗಾದೆ ಅಕ್ಷರಶಃ ನಡೆದುದುಂಟು. ಅದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಮುಳ್ಳುಬೇಲಿ ಕನ್ನಡಿಗರಿಗೆ ಹೊಸದಲ್ಲ. ಹಿತ್ತಲಿಗೆ ಕಳ್ಳಿ, ತೋಟಕ್ಕೆ ಕತ್ತಾಳೆ ನೆಟ್ಟವರ ಮಕ್ಕಳು ನಾವು. ಊರಿಗೂ ಅದೇ ಕಾವಲಾಗಿದ್ದಿತು. ೧೭೯೧ನೆಯ ಮಾರ್ಚಿ ೭ರಂದು ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಪೇಟೆಯ ಮೇಲೆ ಬಿದ್ದಾಗ, ಕಂದಕದ ಜೊತೆಗೆ ದಟ್ಟವಾದ ಮುಳ್ಳಿನ ಬೇಲಿಯೂ ಎದುರಾಯಿತು. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಉತ್ತರಕ್ಕೆ ಟಿಪ್ಪುವಿನ ದಂಡು ಬೀಡುಬಿಟ್ಟಿದ್ದುದೂ ಅಂಥದೇ ಬೇಲಿಯ ಒಳಗೆ; ೧೭೯೨ನೆಯ ಫೆಬ್ರವರಿ ೬ರ ರಾತ್ರಿ ಆಂಗ್ಲರು ಅದನ್ನು ದಾಟಿ ಒಳಹೊಕ್ಕರು. ಮುಳ್ಳು ಸೋತಿತು, ನಿಜ. ಆದರೂ ಅದು ಒಳಗಿನವರನ್ನು ಕಾಯಲು ನಿಂತ ಮುಳ್ಳು.

ಮುಂದೆ ಆಂಗ್ಲರೇ ಒಂದು ಬೇಲಿ ಬೆಳೆಸಿದರು. ಅದು ಉಪ್ಪಿನ ಸುಂಕಕ್ಕಾಗಿ! ೧೮೭೦ರ ದಶಕದಲ್ಲಿ ಒಂದು ಮಣ, ಎಂದರೆ ಸುಮಾರು ೩೭ ಕಿಲೋ ಉಪ್ಪಿಗೆ ಮುಂಬಯಿ, ಮದರಾಸು ಪ್ರಾಂತಗಳಲ್ಲಿ ೧ ರೂಪಾಯಿ ೧೩ ಆಣೆ ಸುಂಕ. ಉತ್ತರದಲ್ಲಿ ೩ ರೂಪಾಯಿ. ಬಂಗಾಳದಲ್ಲಿ ಇನ್ನೂ ೪ ಆಣೆ ಹೆಚ್ಚು. ನಮ್ಮ ಗೋಕರ್ಣದ ಬಳಿಯ ಸಾಣಿಕಟ್ಟಾ ಉಪ್ಪು ಅಗ್ಗದ ಕಡೆಯದು. ಅಗ್ಗದ ಉಪ್ಪು, ರಾಜಪುತಾನದ ಸಂಸ್ಥಾನಗಳ ಉಪ್ಪು, ಯಾವುದೂ ಸುಂಕ ತೆರದೆ ಒಳಗೆ ನುಸುಳಬಾರದೆಂದು ಸಿಂಧೂನದಿಯಿಂದ ಮಹಾನದಿಯ ವರೆಗೆ ಸುಂಕದ ಗಡಿಯನ್ನೆಳೆದರು. ೧೮೬೯ರಲ್ಲಿ ಅದರ ಉದ್ದ ೨,೩೦೦ ಮೈಲಿ. ಕಾವಲಿನವರು ಹತ್ತಿರ ಹತ್ತಿರ ೧೨,೦೦೦. ಲೆಕ್ಕ ನನ್ನ ಕಸಬಾದ್ದರಿಂದ ಭಾಗಿಸಿ ನೋಡಿದೆ: ಮೈಲಿಗೆ ಐದು ಆಳು. ಆ ಐವರ ಸಂಬಳವೂ ಉಪ್ಪು ತಿಂದವನ ಗಂಟಿನಿಂದಲೇ.

ಮೊದಲು ಒಣಮುಳ್ಳನ್ನು ಒಟ್ಟಿದರು. ಗೆದ್ದಲು, ಬೆಂಕಿ, ಬಿರುಗಾಳಿ ಅದನ್ನು ಉಳಿಯಗೊಡಲಿಲ್ಲ. ೧೮೬೭ರಲ್ಲಿ ಸುಂಕದ ಕಮಿಶನರಾಗಿ ಬಂದ ಏ. ಓ. ಹ್ಯೂಮ್ ಸಾಹೇಬರು ಜೀವಂತ ಬೇಲಿಗೇ ಮನಸ್ಸಿಟ್ಟರು. ಜಾಲಿ, ಬೋರೆ, ಕವಳೆ, ಪಾಪಾಸುಕಳ್ಳಿ, ಆಯಾ ಮಣ್ಣಿಗೆ ಒಗ್ಗುವ ಗಿಡವನ್ನು ಹುಡುಕಿ ನೆಡಿಸಿದರು. ಕೆಲವೆಡೆ ಅದು ೧೨ ಅಡಿ ಎತ್ತರ, ೧೪ ಅಡಿ ದಪ್ಪ ಬೆಳೆಯಿತು. ಮನುಷ್ಯನಾಗಲಿ ಗಾಡಿಯಾಗಲಿ ತಡೆ, ತಪಾಸಣೆಗಳಿಲ್ಲದೆ ದಾಟುವಂತಿರಲಿಲ್ಲ. ಬೇಲಿ ನಮ್ಮ ಈ ಮಧ್ಯಪ್ರಾಂತದ ಬುರ್ಹಾನಪುರದ ವರೆಗೂ ಬಂದಿದ್ದಿತು. ೧೯೫೬ನೆಯ ನವೆಂಬರ್ ೧ರಂದು, ಕನ್ನಡನಾಡು ಒಂದಾದ ದಿನವೇ, ಉಮರೇಡ್ ಮುಂಬಯಿ ರಾಜ್ಯಕ್ಕೆ ಸೇರುವವರೆಗೆ, ಆ ಊರೂ ಈ ಊರೂ ಒಂದೇ ಪ್ರಾಂತದಲ್ಲಿದ್ದವು. ಇಷ್ಟು ಶ್ರದ್ಧೆಯಿಂದ ಮುಳ್ಳು ನೆಡಿಸಿದ ಇದೇ ಹ್ಯೂಮ್ ೧೮೮೫ರಲ್ಲಿ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬರಾದರು ಎಂಬುದನ್ನು ನೆನೆದಾಗ ನನಗೆ ಇಂದಿಗೂ ಸೋಜಿಗ.

ಸಾಂಭರ ಸರೋವರದ ಉಪ್ಪು ಸರಕಾರದ ಕೈಸೇರಿ, ಪ್ರಾಂತಗಳ ಸುಂಕಗಳು ಹತ್ತಿರ ಬಂದ ಮೇಲೆ, ೧೮೭೯ನೆಯ ಏಪ್ರಿಲ್ ೧ರಂದು ಬೇಲಿಯ ಕಾವಲನ್ನು ತೆಗೆದರು. ಸುಂಕವನ್ನು ತೆಗೆಯಲಿಲ್ಲ. ೧೯೩೦ರಲ್ಲಿ ಅಂಕೋಲೆಯ ಕಡಲತೀರದಲ್ಲಿ ನಮ್ಮವರು ಉಪ್ಪು ತಯಾರಿಸಿ ಕಾಯದೆ ಮುರಿದುದು ಅದೇ ಸುಂಕದ ವಿರುದ್ಧ. ಅದು ಹೋದದ್ದು ೧೯೪೭ರಲ್ಲಿ.

ಬೇಲಿಯನ್ನು ಎಲ್ಲರೂ ಮರೆತಿದ್ದರು. ೧೯೯೮ರಲ್ಲಿ ರಾಯ್ ಮಾಕ್ಸಮ್ ಎಂಬ ಆಂಗ್ಲರು ಹುಡುಕುತ್ತ ಬಂದು, ಚಂಬಲ್ ಸೀಮೆಯಲ್ಲಿ ಅದರ ದಿಬ್ಬದ ಕುರುಹನ್ನೂ ಅಳಿದುಳಿದ ಮುಳ್ಳನ್ನೂ ಕಂಡರು.

ಇದನ್ನೆಲ್ಲ ಆ ಹಿರಿಯ ರೈತರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: “ಅಷ್ಟೊಂದು ಜಾಲಿಯನ್ನು ಕೊನೆಗೆ ಯಾರು ಕಡಿದು ಒಲೆಗೆ ಹಾಕಿದರು, ಸಾಹೇಬರೇ?”